ಹಳೇ ಲ್ಯಾಪ್‌ಟಾಪನ್ನು ಗುಜರಿಗೆ ಹಾಕುವ ಮೊದಲು: ಹಗುರ ಲಿನಕ್ಸ್ ಆರಿಸಿ ಹಾಕಿಕೊಳ್ಳುವ ಸಮಗ್ರ ಮಾರ್ಗದರ್ಶಿ

ಉಡುಪಿಯ ಕುಂಜಿಬೆಟ್ಟಿನಲ್ಲಿ ನನ್ನ ದೊಡ್ಡಮ್ಮನ ಮನೆ. ಮಳೆಗಾಲದಲ್ಲಿ ಒಮ್ಮೆ ಹೋಗಿದ್ದಾಗ ಕಪಾಟಿನ ಮೇಲಿಂದ ಒಂದು ಲ್ಯಾಪ್‌ಟಾಪ್ ಬ್ಯಾಗ್ ಇಳಿಸಿದರು. ಬ್ಯಾಗಿನ ತುಂಬ ಬಿಳಿ ಬೂಸ್ಟು. ಒಳಗೆ 2011ರ ಲ್ಯಾಪ್‌ಟಾಪ್, ವಿಂಡೋಸ್ 7. ಪವರ್ ಬಟನ್ ಒತ್ತಿ ಚಾ ಕುಡಿದು ಮುಗಿಸಿದರೂ ಪರದೆಯ ಮೇಲೆ ಆ ನೀಲಿ ಉಂಗುರ ತಿರುಗುತ್ತಲೇ ಇತ್ತು.

“ಅಂಗಡಿಯವರು ಇದಿನ್ನು ಆಗ್ಲಿಕ್ಕಿಲ್ಲ, ಹೊಸತು ತಗೊಳ್ಳಿ ಅಂದ್ರು ಮಾರಾಯ. ನಂಗೆ ಯಕ್ಷಗಾನ ನೋಡ್ಬೇಕು, ಮೊಮ್ಮಗಳ ಮುಖ ನೋಡ್ಬೇಕು. ಅಷ್ಟಕ್ಕೆ ಹೊಸತು ಯಾಕೆ?” ಅಂತ ದೊಡ್ಡಮ್ಮ ಕೇಳಿದರು.

ನ್ಯಾಯವಾದ ಪ್ರಶ್ನೆ. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್‌ನ ಉಚಿತ ಭದ್ರತಾ ಅಪ್‌ಡೇಟ್ ನಿಂತದ್ದು 2020ರ ಜನವರಿ 14ಕ್ಕೆ. ವಿಂಡೋಸ್ 10ಕ್ಕೂ 2025ರ ಅಕ್ಟೋಬರ್ 14ಕ್ಕೆ ಮಂಗಳ ಹಾಡಿ ಆಯಿತು. ವಿಂಡೋಸ್ 11 ಹಾಕೋಣ ಅಂದರೆ ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ ಬೇಕು, ಇಂಟೆಲ್ ಆದರೆ ಹೆಚ್ಚುಕಮ್ಮಿ ಎಂಟನೇ ತಲೆಮಾರಿನ ಪ್ರೊಸೆಸರ್ ಬೇಕು. ಹಾಗಾಗಿ ಚೆನ್ನಾಗಿಯೇ ಇರುವ ಎಷ್ಟೋ ಯಂತ್ರಗಳು ಕಪಾಟಿನ ಮೇಲೆ ಹೋಗಿ ಕೂತಿವೆ. ಅವುಗಳಿಗೆ ವಿಂಡೋಸಿನ ಬದಲು ಲಿನಕ್ಸ್ ಅನ್ನುವ ಆಪರೇಟಿಂಗ್ ಸಿಸ್ಟಂ ಹಾಕಬಹುದು. ದುಡ್ಡು ಕೊಡಬೇಕಿಲ್ಲ, ಕದ್ದ ಪ್ರತಿಯ ತಲೆಬಿಸಿಯೂ ಇಲ್ಲ.

ಆದರೆ “ಹಳೇ ಕಂಪ್ಯೂಟರಿಗೆ ಯಾವ ಲಿನಕ್ಸ್?” ಅಂತ ಹುಡುಕಿದರೆ ಇಪ್ಪತ್ತು ಹೆಸರು ಬರುತ್ತವೆ. ಯಾವುದು ಹಗುರ ಅಂತ ಜಗಳ ಬೇರೆ. ನಾನು ಇಷ್ಟು ವರ್ಷದಲ್ಲಿ ಹತ್ತಿಪ್ಪತ್ತು ಹಳೇ ಯಂತ್ರಗಳಿಗೆ ಲಿನಕ್ಸ್ ಹಾಕಿ ಕಲಿತದ್ದು ಒಂದೇ: ಸಿಸ್ಟಂ ಎಷ್ಟು ಹಗುರ ಇದ್ದರೂ ಬ್ರೌಸರ್ ಹಗುರ ಇಲ್ಲ. ಖಾಲಿ ಕೂತಾಗ 200 ಎಂಬಿ ಮೆಮೊರಿ (ರ‍್ಯಾಮ್) ತಿನ್ನುವ ಸಿಸ್ಟಂ ಹಾಕಿ ನೀವು ಖುಷಿ ಪಡುತ್ತೀರಿ. ಯೂಟ್ಯೂಬಿನ ಒಂದು ಟ್ಯಾಬ್ ತೆರೆದ ಕೂಡಲೇ ಅದರ ಎರಡರಷ್ಟು ಹೋಗುತ್ತದೆ. ಹಾಗಾಗಿ ಹೆಸರಿನಿಂದ ಶುರು ಮಾಡಬೇಡಿ. ಯಂತ್ರದಿಂದ ಶುರು ಮಾಡಿ, ಆಮೇಲೆ ಕೆಲಸ, ಕೊನೆಗೆ ಹೆಸರು.

ಮೊದಲು ಯಂತ್ರದ ಜಾತಕ

ನೋಡಬೇಕಾದ್ದು ಮೂರು: ಪ್ರೊಸೆಸರ್ 64-ಬಿಟ್ಟಾ (ಹೊಸ ಬಗೆ) 32-ಬಿಟ್ಟಾ (ಹಳೇ ಬಗೆ), ರ‍್ಯಾಮ್ ಎಷ್ಟು, ಡಿಸ್ಕ್ ಯಾವ ಬಗೆ. ವಿಂಡೋಸ್ ಇನ್ನೂ ತೆರೆಯುತ್ತಿದ್ದರೆ ಕಂಪ್ಯೂಟರ್ ಐಕಾನಿನ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ನೋಡಿದರೆ ಮೊದಲ ಎರಡು ಸಿಗುತ್ತವೆ.

ಇಲ್ಲಿ ಜಾಸ್ತಿ ಜನ ಮೋಸ ಹೋಗುವ ಒಂದು ಜಾಗ ಉಂಟು. ಅಲ್ಲಿ “32-ಬಿಟ್ ಆಪರೇಟಿಂಗ್ ಸಿಸ್ಟಂ” ಅಂತ ಕಂಡರೆ ಯಂತ್ರವೇ 32-ಬಿಟ್ ಅಂತ ಅರ್ಥ ಅಲ್ಲ. ಆಗಿನ ಕಾಲದಲ್ಲಿ 64-ಬಿಟ್ ಯಂತ್ರಕ್ಕೂ 32-ಬಿಟ್ ವಿಂಡೋಸ್ ಹಾಕಿ ಕೊಡುತ್ತಿದ್ದರು. ಪ್ರೊಸೆಸರಿನ ಹೆಸರು ನೋಡಿ. ಕೋರ್ 2 ಡ್ಯುಯೋ ಬಂದದ್ದು 2006ರಲ್ಲಿ. ಅದು 64-ಬಿಟ್. ಐ3, ಐ5, ಐ7 ಎಲ್ಲವೂ 64-ಬಿಟ್. ಎಎಂಡಿಯಲ್ಲಿ ಅಥ್ಲಾನ್ 64 ಮತ್ತು ನಂತರದವು ಸರಿ. ‘2’ ಇಲ್ಲದ ಬರೀ ಕೋರ್ ಡ್ಯುಯೋ, ಪೆಂಟಿಯಂ ಎಂ, 2008ರ ಹೊತ್ತಿನ ಪುಟ್ಟ ನೆಟ್‌ಬುಕ್‌ಗಳಲ್ಲಿದ್ದ ಆಟಂ ಎನ್270, ಇವು 32-ಬಿಟ್. ಇನ್ನೂ ಸಂಶಯ ಇದ್ದರೆ ಯಾವುದಾದರೂ ಲೈವ್ ಲಿನಕ್ಸಿನ (ಡಿಸ್ಕಿಗೆ ಹಾಕದೆ ಪೆನ್‌ಡ್ರೈವಿನಿಂದಲೇ ಓಡುವುದು, ಮುಂದೆ ಹೇಳುತ್ತೇನೆ) ಟರ್ಮಿನಲ್‌ನಲ್ಲಿ, ಅಂದರೆ ಆಜ್ಞೆ ಟೈಪ್ ಮಾಡುವ ಕಿಟಕಿಯಲ್ಲಿ, ಎಲ್‌ಎಸ್‌ಸಿಪಿಯು ಅಂತ ಸಣ್ಣಕ್ಷರದಲ್ಲಿ ಒಟ್ಟಿಗೆ ಟೈಪಿಸಿ ಎಂಟರ್ ಒತ್ತಿ. ಮೇಲಿನ ಎರಡು ಸಾಲಿನಲ್ಲೇ ಉತ್ತರ ಉಂಟು.

ದೊಡ್ಡಮ್ಮನ ಯಂತ್ರ: ಎರಡನೇ ತಲೆಮಾರಿನ ಐ3, 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್. ಮಂಗಳೂರಿನ ಬೆಂದೂರ್‌ವೆಲ್ಲಿನಲ್ಲಿ ಬಾವನ ಜೆರಾಕ್ಸ್ ಅಂಗಡಿಯ ಡೆಸ್ಕ್‌ಟಾಪ್: ಕೋರ್ 2 ಡ್ಯುಯೋ, 2 ಜಿಬಿ. ನನ್ನದೇ ಕಾಲೇಜು ಕಾಲದ ನೆಟ್‌ಬುಕ್: ಆಟಂ ಎನ್270, 1 ಜಿಬಿ. ಈ ಮೂರನ್ನೇ ಇಟ್ಟುಕೊಂಡು ಮುಂದೆ ಹೇಳುತ್ತೇನೆ. ನಿಮ್ಮದು ಈ ಮೂರರಲ್ಲಿ ಒಂದರ ಹತ್ತಿರ ಬಂದೇ ಬರುತ್ತದೆ.

ಸಾಫ್ಟ್‌ವೇರ್ ಬದಲಿಸುವ ಮೊದಲು ಸ್ಕ್ರೂಡ್ರೈವರ್

ನಮ್ಮ ಕರಾವಳಿಯ ಗಾಳಿಗೆ ಎಲೆಕ್ಟ್ರಾನಿಕ್ಸ್ ಅಂದರೆ ಅಷ್ಟಕ್ಕಷ್ಟೆ. ಉಪ್ಪು, ತೇವ, ಮೇಲಿಂದ ಇರುವೆ. ಬಾವನ ಡೆಸ್ಕ್‌ಟಾಪ್ ಬಿಚ್ಚಿದಾಗ ಫ್ಯಾನಿನ ಬುಡದಲ್ಲಿ ಒಣಗಿದ ಹಲ್ಲಿ ಮೊಟ್ಟೆ ಇತ್ತು. “ಸ್ಲೋ” ಅಂತ ಎಲ್ಲರೂ ಬೈಯುತ್ತಿದ್ದದ್ದು ಅರ್ಧ ಅದಕ್ಕೇ: ಗಾಳಿ ಆಡದೆ ಪ್ರೊಸೆಸರ್ ಬಿಸಿ ಆದರೆ ಅದು ತಾನಾಗಿ ವೇಗ ಇಳಿಸಿಕೊಳ್ಳುತ್ತದೆ. ಯಾವ ಲಿನಕ್ಸ್ ಹಾಕಿದರೂ ಆ ಬಿಸಿ ಹೋಗುವುದಿಲ್ಲ.

ಪ್ಲಗ್ ತೆಗೆಯಿರಿ, ಲ್ಯಾಪ್‌ಟಾಪ್ ಆದರೆ ಬ್ಯಾಟರಿಯನ್ನೂ ತೆಗೆಯಿರಿ. ಮೃದು ಬ್ರಷ್‌ನಿಂದ ಧೂಳು ತೆಗೆಯಿರಿ. ಫ್ಯಾನಿನ ರೆಕ್ಕೆ ತಿರುಗದ ಹಾಗೆ ಬೆರಳಲ್ಲಿ ಹಿಡಿದುಕೊಳ್ಳಿ. ರ‍್ಯಾಮ್ ಕಡ್ಡಿಯನ್ನು ಬಿಡಿಸಿ ಅದರ ಚಿನ್ನದ ಬಣ್ಣದ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ರಬ್ಬರಿನ ಪುಡಿ ಊದಿ ತೆಗೆದು ಮತ್ತೆ ಕೂರಿಸಿ. ಆನ್ ಮಾಡಿದರೆ ಬರೀ ಬೀಪ್ ಬರುತ್ತದೆ, ಪರದೆ ಕಪ್ಪು ಅನ್ನುವ ಎಷ್ಟೋ ಯಂತ್ರಗಳಿಗೆ ಈ ರಬ್ಬರೇ ಮದ್ದು.

ಮದರ್‌ಬೋರ್ಡಿನ ಮೇಲೆ ನಾಣ್ಯದ ಹಾಗಿನ ಸೆಲ್ ಇರುತ್ತದೆ, ಜಾಸ್ತಿ ಯಂತ್ರಗಳಲ್ಲಿ ಸಿಆರ್2032. ಅದು ಸತ್ತಿದ್ದರೆ ಪ್ರತಿ ಸಲ ಆನ್ ಮಾಡಿದಾಗ ತಾರೀಕು ಎಷ್ಟೋ ವರ್ಷ ಹಿಂದೆ ಹೋಗುತ್ತದೆ. ಇದು ಸಣ್ಣ ವಿಷಯ ಅಂತ ಬಿಡಬೇಡಿ. ತಾರೀಕು ತಪ್ಪಿದ್ದರೆ ಬ್ರೌಸರ್ ಪ್ರತಿ ಸೈಟಿಗೂ “ಸುರಕ್ಷಿತ ಅಲ್ಲ” ಅನ್ನುತ್ತದೆ, ಲಿನಕ್ಸಿನ ಅಪ್‌ಡೇಟೂ ಹಟ ಹಿಡಿಯುತ್ತದೆ. ನಾನೊಮ್ಮೆ ಒಂದು ಇಡೀ ಸಂಜೆ ವೈಫೈಯನ್ನು ಬೈದುಕೊಂಡು ಕೂತಿದ್ದೆ. ತಪ್ಪು ಆ ಸೆಲ್ಲಿನದ್ದು.

ಇನ್ನು ಎಸ್‌ಎಸ್‌ಡಿ, ಅಂದರೆ ಚಿಪ್‌ನಲ್ಲೇ ಮಾಹಿತಿ ಇಡುವ ಡಿಸ್ಕ್. ಇಡೀ ಲೇಖನದಲ್ಲಿ ಒಂದೇ ಒಂದು ಮಾತು ಕೇಳುವುದಾದರೆ ಇದನ್ನು ಕೇಳಿ. ಹಳೇ ಯಂತ್ರ ನಿಧಾನ ಅನಿಸುವುದಕ್ಕೆ ಮುಖ್ಯ ಕಾರಣ ಹಾರ್ಡ್ ಡಿಸ್ಕ್. ಒಳಗೆ ತಟ್ಟೆ ತಿರುಗಬೇಕು, ಸೂಜಿ ಓಡಾಡಬೇಕು. ಎಸ್‌ಎಸ್‌ಡಿಯಲ್ಲಿ ಆ ಓಡಾಟ ಇಲ್ಲ. ಎರಡೂವರೆ ಇಂಚಿನ ಸಾಟಾ (ಹಾರ್ಡ್ ಡಿಸ್ಕಿನದ್ದೇ ಜೋಡಣೆ) ಎಸ್‌ಎಸ್‌ಡಿ 2011ರ ಲ್ಯಾಪ್‌ಟಾಪಿಗೂ ಕೂರುತ್ತದೆ, ಕೋರ್ 2 ಡ್ಯುಯೋ ಡೆಸ್ಕ್‌ಟಾಪಿಗೂ ಕೂರುತ್ತದೆ. ಹಳೇ ಸಾಟಾ ಪೋರ್ಟಿನಲ್ಲಿ ಅದರ ಪೂರ್ತಿ ವೇಗ ಸಿಗದು. ಪರವಾಗಿಲ್ಲ, ಸೂಜಿಯ ಓಡಾಟ ಉಳಿಯುವುದೇ ದೊಡ್ಡ ಲಾಭ. 120 ಅಥವಾ 240 ಜಿಬಿಯದ್ದು ಸಾಕು. ದುಡ್ಡು ಸ್ವಲ್ಪವೇ ಇದ್ದರೆ ಮೊದಲು ಎಸ್‌ಎಸ್‌ಡಿ, ಆಮೇಲೆ ರ‍್ಯಾಮ್. ರ‍್ಯಾಮ್ ತರುವಾಗ ಹಳೇ ಕಡ್ಡಿಯನ್ನು ಕಿಸೆಯಲ್ಲಿ ಹಾಕಿಕೊಂಡೇ ಅಂಗಡಿಗೆ ಹೋಗಿ. ಡಿಡಿಆರ್2, ಡಿಡಿಆರ್3 ಒಂದರ ಜಾಗಕ್ಕೆ ಇನ್ನೊಂದು ಕೂರುವುದಿಲ್ಲ.

ಯಾವ ಕೆಲಸ? ಯಾರಿಗೆ ಲಿನಕ್ಸ್ ಬೇಡ?

ಬ್ರೌಸರ್, ಪತ್ರ ಟೈಪ್ ಮಾಡುವುದು, ಸಿನಿಮಾ, ಮಕ್ಕಳ ಆನ್‌ಲೈನ್ ಪಾಠ, ಬ್ಯಾಂಕಿನ ಸೈಟ್. ಇಷ್ಟೇ ಆದರೆ ಕಣ್ಣುಮುಚ್ಚಿ ಮುಂದುವರಿಯಿರಿ.

ಟ್ಯಾಲಿಯಲ್ಲಿ ಲೆಕ್ಕ ಬರೆಯುವ ಅಂಗಡಿಯಾದರೆ ನಿಲ್ಲಿ. ಅದು ವಿಂಡೋಸಿಗೆ ಮಾಡಿದ್ದು. ಟೆಂಡರಿಗೋ ಜಿಎಸ್‌ಟಿಗೋ ಪೆನ್‌ಡ್ರೈವ್ ಹಾಗಿನ ಡಿಜಿಟಲ್ ಸಹಿ ಟೋಕನ್ ಬಳಸುವವರೂ ಮೊದಲು ಅದಕ್ಕೆ ಲಿನಕ್ಸ್ ಡ್ರೈವರ್ ಉಂಟಾ ನೋಡಿಕೊಳ್ಳಿ. ವೈನ್ ಹಾಕಿ ವಿಂಡೋಸ್ ಪ್ರೋಗ್ರಾಂ ಓಡಿಸಬಹುದು ಅಂತ ಹೇಳುವವರು ಸಿಗುತ್ತಾರೆ. ಓಡುತ್ತದೆ, ಕೆಲವು. ಆದರೆ ಅಂಗಡಿಯ ಲೆಕ್ಕವನ್ನು ಆ ಭರವಸೆಯ ಮೇಲೆ ಇಡಬೇಡಿ.

ಪ್ರಿಂಟರ್ ಇನ್ನೊಂದು ವಿಷಯ. ಎಚ್‌ಪಿಯ ಜಾಸ್ತಿ ಪ್ರಿಂಟರ್‌ಗಳು ಎಚ್‌ಪಿಲಿಪ್ ಅನ್ನುವ ಮುಕ್ತ ಡ್ರೈವರಿನಿಂದ ಸುಲಭಕ್ಕೆ ನಡೆಯುತ್ತವೆ. ಬೇರೆ ಕೆಲವು ಹಳೇ ಲೇಸರ್ ಪ್ರಿಂಟರ್‌ಗಳು ಹೈರಾಣ ಮಾಡಿಬಿಡುತ್ತವೆ. ಬಾವನ ಅಂಗಡಿಯಲ್ಲಿ ಎರಡು ಯಂತ್ರ ಇದ್ದುದರಿಂದ ಬಚಾವ್. ಲೆಕ್ಕದ್ದು ವಿಂಡೋಸಿನಲ್ಲೇ ಉಳಿಯಿತು. ಗಿರಾಕಿಗಳು ಮೇಲ್‌ನಲ್ಲಿ ಕಳಿಸಿದ್ದನ್ನು ಪ್ರಿಂಟ್ ತೆಗೆಯುವುದಕ್ಕೆ, ಕನ್ನಡ ಅರ್ಜಿ ಟೈಪ್ ಮಾಡುವುದಕ್ಕೆ ಹಳೇದು. ಗಿರಾಕಿಗಳ ಪೆನ್‌ಡ್ರೈವಿನ ವೈರಸ್ ಕಾಟವೂ ಆ ಯಂತ್ರದಲ್ಲಿ ನಿಂತಿತು, ಯಾಕೆಂದರೆ ಅವು ವಿಂಡೋಸನ್ನು ಗುರಿ ಇಟ್ಟು ಬರೆದವು.

ವೇಷ ಮತ್ತು ಪಾತ್ರಧಾರಿ

ಈಗ ಹೆಸರುಗಳಿಗೆ ಬರೋಣ. ಅದಕ್ಕೆ ಮೊದಲು ಒಂದು ಗೊಂದಲ ಬಿಡಿಸಬೇಕು.

ಲಿನಕ್ಸ್ ಅಂದರೆ ನಿಜಕ್ಕೂ ಒಳಗಿನ ತಿರುಳು, ಕರ್ನೆಲ್. ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಶುರು ಮಾಡಿದ್ದು. ಅದರ ಮೇಲೆ ಬೇಕಾದ್ದೆಲ್ಲ ಸೇರಿಸಿ ಕಟ್ಟಿದ ಪೊಟ್ಟಣಕ್ಕೆ ಡಿಸ್ಟ್ರೋ ಅನ್ನುತ್ತಾರೆ: ಡೆಬಿಯನ್, ಉಬುಂಟು, ಮಿಂಟ್ ಹೀಗೆ. ಕಣ್ಣಿಗೆ ಕಾಣುವ ಮೆನು, ಪ್ಯಾನೆಲ್, ಕಿಟಕಿಗಳೆಲ್ಲ ಡೆಸ್ಕ್‌ಟಾಪ್ ಅನ್ನುವ ಬೇರೆ ಪದರ. ಯಕ್ಷಗಾನದ ಲೆಕ್ಕದಲ್ಲಿ ಹೇಳುವುದಾದರೆ ಪಾತ್ರಧಾರಿ ಅವನೇ, ವೇಷ ಬೇರೆ ಬೇರೆ. ಗ್ನೋಮ್ ಮತ್ತು ಸಿನಮನ್ ದೊಡ್ಡ ಕಿರೀಟದ ಬಣ್ಣದ ವೇಷ. ನೋಡಲು ಗಡದ್ದು, ಹೊರಲು ಶಕ್ತಿ ಬೇಕು. ಎಕ್ಸ್‌ಎಫ್‌ಸಿಇ ಮತ್ತು ಎಲ್‌ಎಕ್ಸ್‌ಕ್ಯೂಟಿ ಪುಂಡುವೇಷದ ಹಾಗೆ, ಸಲೀಸಾಗಿ ಕುಣಿಯುತ್ತವೆ. ಫ್ಲಕ್ಸ್‌ಬಾಕ್ಸ್, ಐಸ್‌ಡಬ್ಲ್ಯೂಎಂ ಅಂದರೆ ವೇಷವೇ ಇಲ್ಲದ ತಾಳಮದ್ದಳೆ. ಅಂದ ಇಲ್ಲ, ಅರ್ಥ ಉಂಟು.

ಹಳೇ ಯಂತ್ರದಲ್ಲಿ ವ್ಯತ್ಯಾಸ ಬರುವುದು ಜಾಸ್ತಿ ಈ ವೇಷದಿಂದ. “ಮಿಂಟ್ ಭಾರ, ಡೆಬಿಯನ್ ಹಗುರ” ಅನ್ನುವ ಮಾತಿಗೆ ಅರ್ಥ ಬರುವುದು ಯಾವ ಡೆಸ್ಕ್‌ಟಾಪ್ ಅಂತ ಹೇಳಿದ ಮೇಲೆ ಮಾತ್ರ.

4 ಜಿಬಿ ರ‍್ಯಾಮ್ ಇದ್ದರೆ

ಲಿನಕ್ಸ್ ಮಿಂಟ್, ಎಕ್ಸ್‌ಎಫ್‌ಸಿಇ ಆವೃತ್ತಿ. ನಾನು ಬೇರೆ ಯೋಚನೆಯನ್ನೇ ಮಾಡುವುದಿಲ್ಲ. ಕೆಳಗೆ ಪ್ಯಾನೆಲ್, ಎಡ ಮೂಲೆಯಲ್ಲಿ ಮೆನು, ವಿಂಡೋಸ್ 7 ಬಳಸಿದವರಿಗೆ ದಾರಿ ತಪ್ಪುವುದಿಲ್ಲ. ಮಿಂಟ್‌ನವರು ಕನಿಷ್ಠ 2 ಜಿಬಿ, ಆರಾಮಕ್ಕೆ 4 ಜಿಬಿ ಅನ್ನುತ್ತಾರೆ. ಆ ಎರಡನೇ ಸಂಖ್ಯೆಯನ್ನೇ ನಂಬಿ. ಮಿಂಟ್ 22 ಸರಣಿ ಉಬುಂಟು 24.04ರ ಮೇಲೆ ಕಟ್ಟಿದ್ದು, 2029ರ ವರೆಗೆ ಅಪ್‌ಡೇಟ್ ಬರುತ್ತದೆ. ದೊಡ್ಡಮ್ಮನಿಗೆ ಇದೇ. ಖಾಲಿ ಕೂತಾಗ ಸುಮಾರು 800 ಎಂಬಿ ತಿನ್ನುತ್ತದೆ. ಉಳಿದ ಮೂರು ಜಿಬಿಯಲ್ಲಿ ಫೈರ್‌ಫಾಕ್ಸ್ ಆರಾಮ.

2 ಜಿಬಿ ಇದ್ದರೆ

ಇಲ್ಲಿ ನಾನೇ ಎಡವಿದ್ದೇನೆ. ಬಾವನ ಡೆಸ್ಕ್‌ಟಾಪಿಗೂ ಮಿಂಟನ್ನೇ ಹಾಕಿದೆ. ಚಂದ ಓಪನ್ ಆಯಿತು. ನಾಲ್ಕು ಟ್ಯಾಬ್ ತೆರೆದದ್ದೇ ತಡ, ಹಾರ್ಡ್ ಡಿಸ್ಕಿನ ಕೆಂಪು ದೀಪ ಹೊತ್ತಿಕೊಂಡೇ ಇತ್ತು, ಮೌಸ್ ಬಾಣ ಅಲ್ಲೇ ಅಂಟಿ ನಿಂತಿತು. ರ‍್ಯಾಮ್ ಮುಗಿದು ಡಿಸ್ಕನ್ನೇ ರ‍್ಯಾಮ್ ಹಾಗೆ ಬಳಸುವಾಗ ಹೀಗಾಗುತ್ತದೆ. ಸ್ವಾಪ್ ಅನ್ನುತ್ತಾರೆ. “ಇದಕ್ಕಿಂತ ಮೊದಲಿನದ್ದೇ ವಾಸಿ ಇತ್ತಲ್ಲ ಬಾವ” ಅಂತ ಅವರು ನಗಾಡಿದರು. ಆ ವಾರವೇ ತೆಗೆದು ಎಂಎಕ್ಸ್ ಲಿನಕ್ಸಿನ ಫ್ಲಕ್ಸ್‌ಬಾಕ್ಸ್ ಆವೃತ್ತಿ ಹಾಕಿದೆ. ಅದು ಡೆಬಿಯನ್ ಮೇಲೆ ಕಟ್ಟಿದ್ದು. ತನ್ನದೇ ಸಣ್ಣ ಸಣ್ಣ ಉಪಕರಣಗಳಿವೆ, ಟರ್ಮಿನಲ್ ಮುಟ್ಟದೆ ಡ್ರೈವರ್, ಬೂಟ್, ಸೌಂಡ್ ಎಲ್ಲ ಸರಿ ಮಾಡಬಹುದು. ಈಗ ಮೂರು ಟ್ಯಾಬ್, ಒಂದು ಲಿಬ್ರೆಆಫೀಸ್ (ವರ್ಡ್ ಹಾಗಿನ ಉಚಿತ ತಂತ್ರಾಂಶ) ಫೈಲ್, ಒಂದು ಪಿಡಿಎಫ್ ಒಟ್ಟಿಗೆ ನಡೆಯುತ್ತವೆ. ಎಂಟು ಟ್ಯಾಬ್ ನಡೆಯುವುದಿಲ್ಲ. ಬಾವನಿಗೆ ಅದು ಅಭ್ಯಾಸ ಆಗಿದೆ.

ಫ್ಲಕ್ಸ್‌ಬಾಕ್ಸ್ ನೋಡಿ ಗಾಬರಿ ಆಗುವವರಿಗೆ ಲುಬುಂಟು ಸರಿ. ಎಲ್‌ಎಕ್ಸ್‌ಕ್ಯೂಟಿ ಡೆಸ್ಕ್‌ಟಾಪ್, ಉಬುಂಟುವಿನ ತಳಹದಿ. ಒಂದು ಗಮನಿಸಿ: ಲುಬುಂಟುವಿನ ದೀರ್ಘಾವಧಿ ಆವೃತ್ತಿಗಳಿಗೆ ಬೆಂಬಲ ಮೂರೇ ವರ್ಷ. 24.04 ಆದರೆ 2027ರ ಏಪ್ರಿಲ್ ವರೆಗೆ. ನೀವೇ ನೋಡಿಕೊಳ್ಳುವ ಯಂತ್ರವಾದರೆ ತೊಂದರೆ ಇಲ್ಲ, ಊರಲ್ಲಿರುವ ಅಜ್ಜನ ಯಂತ್ರವಾದರೆ ಜಾಸ್ತಿ ವರ್ಷ ಬಾಳುವುದನ್ನು ಹಾಕಿ. ಸ್ವಲ್ಪ ಅನುಭವ ಉಳ್ಳವರು ನೇರ ಡೆಬಿಯನ್ ಹಾಕಿ, ಅಳವಡಿಸುವಾಗ ಎಲ್‌ಎಕ್ಸ್‌ಕ್ಯೂಟಿ ಆರಿಸಬಹುದು.

1 ಜಿಬಿ, ಇಲ್ಲವೇ 32-ಬಿಟ್ ಯಂತ್ರ

ಇಲ್ಲಿ ನೇರ ಮಾತಾಡಬೇಕು. ದಾರಿ ಮುಚ್ಚುತ್ತಾ ಬಂದಿದೆ. 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13ಕ್ಕೆ 32-ಬಿಟ್ ಪಿಸಿಯಲ್ಲಿ ಅಳವಡಿಸುವ ಪ್ರತಿಯೇ ಇಲ್ಲ. ಉಬುಂಟು ಮೊದಲೇ ಕೈಬಿಟ್ಟಿತ್ತು. ಕ್ರೋಮ್ 32-ಬಿಟ್ ಲಿನಕ್ಸನ್ನು ಬಿಟ್ಟು 2016ಕ್ಕೇ ಆಯಿತು. ಫೈರ್‌ಫಾಕ್ಸ್ ಕೂಡ 144ನೇ ಆವೃತ್ತಿಯ ನಂತರ ಬಿಟ್ಟಿದೆ.

ಆದರೂ ಡೆಬಿಯನ್ 12ರ ಮೇಲೆ ಕಟ್ಟಿದ ಆಂಟಿಎಕ್ಸ್ 23ಕ್ಕೆ 32-ಬಿಟ್ ಪ್ರತಿ ಉಂಟು. ನನ್ನ ನೆಟ್‌ಬುಕ್ಕಿನಲ್ಲಿ ಖಾಲಿ ಕೂತಾಗ 200 ಎಂಬಿಯ ಒಳಗೇ ಇರುತ್ತದೆ. ಪಪ್ಪಿ ಲಿನಕ್ಸ್ ಇನ್ನೊಂದು. ಆಸ್ಟ್ರೇಲಿಯಾದ ಬ್ಯಾರಿ ಕೌಲರ್ 2003ರಲ್ಲಿ ಶುರು ಮಾಡಿದ್ದು. ಇಡೀ ಸಿಸ್ಟಂ ರ‍್ಯಾಮಿಗೆ ಏರಿ ಕೂರುತ್ತದೆ, ಪೆನ್‌ಡ್ರೈವಿನಿಂದಲೇ ವರ್ಷಗಟ್ಟಲೆ ನಡೆಸಬಹುದು. ಹಾರ್ಡ್ ಡಿಸ್ಕ್ ಸತ್ತ ಯಂತ್ರಕ್ಕೆ ಚಿನ್ನ. ಆದರೆ ಅದರಲ್ಲಿ ಎಲ್ಲ ಕೆಲಸವೂ ಸಾಮಾನ್ಯವಾಗಿ ರೂಟ್ ಅಧಿಕಾರದಲ್ಲೇ, ಅಂದರೆ ಯಂತ್ರದಲ್ಲಿ ಏನು ಬೇಕಾದರೂ ಬದಲಿಸಬಲ್ಲ ಪೂರ್ತಿ ಅಧಿಕಾರದಲ್ಲೇ ನಡೆಯುತ್ತದೆ. ಹಾಗಾಗಿ ಬ್ಯಾಂಕ್ ವ್ಯವಹಾರಕ್ಕೆ ನಾನು ಬಳಸುವುದಿಲ್ಲ. ಟೈನಿ ಕೋರ್ ಅಂತ ಒಂದು ಉಂಟು, ಇಪ್ಪತ್ತೈದು ಎಂಬಿಯೊಳಗೆ ಡೆಸ್ಕ್‌ಟಾಪ್ ಸಮೇತ ಮುಗಿಯುತ್ತದೆ. ಮೋಜಿಗೆ ನೋಡಿ.

ಇಂಥ ಯಂತ್ರಕ್ಕೆ ಒಂದೇ ಒಂದು ಕೆಲಸ ಕೊಡಿ. ನನ್ನ ನೆಟ್‌ಬುಕ್ ಈಗ ಟೈಪ್‌ರೈಟರ್. ವೈಫೈ ಆಫ್. ಬರೆಯುವುದು, ಪೆನ್‌ಡ್ರೈವಿಗೆ ಹಾಕುವುದು. ಇದನ್ನೂ ಅದರಲ್ಲೇ ಬರೆದದ್ದು. ಯೂಟ್ಯೂಬ್ ತೋರಿಸು ಅಂತ ಅದನ್ನು ಪೀಡಿಸಬೇಡಿ.

ಪೆನ್‌ಡ್ರೈವ್ ಸಿದ್ಧ ಮಾಡುವುದು

8 ಜಿಬಿ ಪೆನ್‌ಡ್ರೈವ್ ಒಂದು ಬೇಕು. ಅದರಲ್ಲಿರುವುದೆಲ್ಲ ಅಳಿಸಿ ಹೋಗುತ್ತದೆ, ಮದುವೆ ಫೋಟೋ ಇದ್ದರೆ ಮೊದಲು ತೆಗೆದಿಡಿ. ಆರಿಸಿದ ಡಿಸ್ಟ್ರೋದ ಸ್ವಂತ ಸೈಟಿನಿಂದಲೇ ಐಎಸ್‌ಒ ಫೈಲ್ (ಇಡೀ ಸಿಸ್ಟಂ ಒಂದೇ ಫೈಲಿನಲ್ಲಿ) ಇಳಿಸಿಕೊಳ್ಳಿ. ಮಿಂಟ್ ಆದರೆ ಮೂರು ಜಿಬಿ ಆಸುಪಾಸು.

ಇಳಿಸಿದ ಫೈಲಿನ ಎಸ್‌ಎಚ್‌ಎ256 ಮೊತ್ತವನ್ನು ಸೈಟಿನಲ್ಲಿರುವುದರ ಜೊತೆ ಹೋಲಿಸಿ. ಉದ್ದದ ಅಂಕಿ-ಅಕ್ಷರಗಳ ಸಾಲು ಅದು. ಮೊದಲ ಆರು, ಕೊನೆಯ ಆರು ನೋಡಿದರೂ ಫೈಲ್ ಅರ್ಧ ಇಳಿದಿದೆಯಾ ಅಂತ ಗೊತ್ತಾಗುತ್ತದೆ. ನೆಟ್ ಕಡಿದು ಕಡಿದು ಬರುವ ಕಡೆ ಇದನ್ನು ಬಿಟ್ಟರೆ ಅಳವಡಿಸುವಾಗ ಮಧ್ಯದಲ್ಲಿ ಕೈಕೊಡುತ್ತದೆ.

ವಿಂಡೋಸಿನಲ್ಲಿ ಪೆನ್‌ಡ್ರೈವ್ ಸಿದ್ಧ ಮಾಡುವ ರೂಫಸ್ ಅನ್ನುವ ತಂತ್ರಾಂಶ ತೆರೆದು ಪೆನ್‌ಡ್ರೈವ್, ಐಎಸ್‌ಒ ಆರಿಸಿ ಸ್ಟಾರ್ಟ್ ಒತ್ತಿದರೆ ಆಯಿತು. 2011ಕ್ಕಿಂತ ಹಳೇ ಯಂತ್ರಕ್ಕೆ ಪಾರ್ಟಿಷನ್ ಬಗೆಯಲ್ಲಿ ಎಂಬಿಆರ್ ಇರಲಿ. ಎರಡು ಮೂರು ಡಿಸ್ಟ್ರೋ ನೋಡುವ ಆಸೆ ಇದ್ದರೆ ವೆಂಟಾಯ್ ಹಾಕಿ. ಪೆನ್‌ಡ್ರೈವಿಗೆ ಒಮ್ಮೆ ಅದನ್ನು ಹಾಕಿದರೆ ಆಮೇಲೆ ಐಎಸ್‌ಒ ಫೈಲ್‌ಗಳನ್ನು ಸುಮ್ನೆ ಕಾಪಿ ಮಾಡಿದರೆ ಸಾಕು, ಬೂಟ್ ಆಗುವಾಗ ಪಟ್ಟಿ ತೋರಿಸಿ ಯಾವುದು ಅಂತ ಕೇಳುತ್ತದೆ.

ಯಂತ್ರ ಆನ್ ಮಾಡಿದ ಕೂಡಲೇ, ಯಾವುದರಿಂದ ಶುರು ಆಗಬೇಕು ಅಂತ ಕೇಳುವ ಬೂಟ್ ಮೆನುವಿನ ಕೀ ಟಕಟಕ ಒತ್ತುತ್ತಿರಿ. ಡೆಲ್, ಲೆನೊವೊ ಆದರೆ ಸಾಮಾನ್ಯವಾಗಿ ಎಫ್12. ಎಚ್‌ಪಿಗೆ ಎಸ್ಕೇಪ್ ಒತ್ತಿ ಆಮೇಲೆ ಎಫ್9. ಏಸುಸ್ ಲ್ಯಾಪ್‌ಟಾಪಿಗೆ ಎಸ್ಕೇಪ್. ವಿಂಡೋಸ್ 8ರ ನಂತರದ ಯಂತ್ರದಲ್ಲಿ ಪೆನ್‌ಡ್ರೈವ್ ಕಾಣದಿದ್ದರೆ ಬಯಾಸ್‌ಗೆ (ಯಂತ್ರದ ಮೂಲ ಸೆಟ್ಟಿಂಗ್ ಪರದೆಗೆ) ಹೋಗಿ ಸೆಕ್ಯೂರ್ ಬೂಟ್ ಆಫ್ ಮಾಡಿ ನೋಡಿ.

ಹಾಕುವ ಮೊದಲು ಒಂದು ಸಂಜೆ ಲೈವ್

ಲಿನಕ್ಸಿನಲ್ಲಿ ನನಗೆ ತುಂಬ ಇಷ್ಟದ ವಿಷಯ ಇದು. ಡಿಸ್ಕನ್ನು ಮುಟ್ಟದೆ ಪೆನ್‌ಡ್ರೈವಿನಿಂದಲೇ ಪೂರ್ತಿ ಸಿಸ್ಟಂ ಓಡಿಸಿ ನೋಡಬಹುದು. ಆರಿಸುವ ಕೆಲಸ ನಿಜಕ್ಕೂ ಆಗುವುದು ಇಲ್ಲಿ. ಬೇರೆಯವರ ಅಭಿಪ್ರಾಯ ಓದುವುದಕ್ಕಿಂತ ಒಂದು ಗಂಟೆ ಇದರಲ್ಲಿ ಕೂರಿ.

ವೈಫೈ ಸಿಗುತ್ತದಾ? ಸೌಂಡ್ ಬರುತ್ತದಾ, ಇಯರ್‌ಫೋನ್ ಹಾಕಿದಾಗ ಸ್ಪೀಕರ್ ನಿಲ್ಲುತ್ತದಾ? ಕ್ಯಾಮೆರಾ? ಪರದೆಯ ಬೆಳಕು ಕಮ್ಮಿ-ಜಾಸ್ತಿ ಮಾಡುವ ಕೀ? ಲ್ಯಾಪ್‌ಟಾಪ್ ಮುಚ್ಚಿ ತೆರೆದರೆ ಎಚ್ಚರ ಆಗುತ್ತದಾ? ಪ್ರಿಂಟರ್ ಸಿಕ್ಕಿಸಿ ಒಂದು ಹಾಳೆ ತೆಗೆಯಿರಿ. ಒಂದು ವಿಡಿಯೋ ಪೂರ್ತಿ ನೋಡಿ. ವೇಗ ಮಾತ್ರ ಈಗ ಅಳೆಯಬೇಡಿ, ಪೆನ್‌ಡ್ರೈವಿನಿಂದ ಓಡುವಾಗ ಎಲ್ಲವೂ ನಿಧಾನವೇ.

ಹಳೇ ಲ್ಯಾಪ್‌ಟಾಪ್‌ಗಳಲ್ಲಿ ಬ್ರಾಡ್‌ಕಾಂ ವೈಫೈ ಚಿಪ್ ಇದ್ದರೆ ಬೇರೆ ಫರ್ಮ್‌ವೇರ್ (ಚಿಪ್ ನಡೆಸುವ ಸಣ್ಣ ತಂತ್ರಾಂಶ) ಬೇಕಾಗಬಹುದು. ಅದನ್ನು ಇಳಿಸಲು ನೆಟ್ ಬೇಕು, ನೆಟ್‌ಗೆ ವೈಫೈ ಬೇಕು. ಈ ತಾಪತ್ರಯಕ್ಕೆ ಸುಲಭ ಉಪಾಯ ಉಂಟು: ಆಂಡ್ರಾಯ್ಡ್ ಫೋನನ್ನು ಯುಎಸ್‌ಬಿ ಕೇಬಲ್‌ನಲ್ಲಿ ಸಿಕ್ಕಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಯಾವ ಡ್ರೈವರೂ ಇಲ್ಲದೆ ನೆಟ್ ಬರುತ್ತದೆ. ಆಮೇಲೆ ಮಿಂಟ್‌ನಲ್ಲಿ ಡ್ರೈವರ್ ಮ್ಯಾನೇಜರ್ ತೆರೆದರೆ ಬೇಕಾದ್ದನ್ನು ಅದೇ ಹುಡುಕಿ ಕೊಡುತ್ತದೆ.

ಬ್ಯಾಕಪ್, ಕರೆಂಟ್, ಅಳವಡಿಕೆ

ಹಳೇ ಡಿಸ್ಕಿನಿಂದ ಫೋಟೋ, ಡೆಸ್ಕ್‌ಟಾಪ್ ಮತ್ತು ಡೌನ್‌ಲೋಡ್ಸ್ ಫೋಲ್ಡರ್, ಬ್ರೌಸರಿನಲ್ಲಿ ಉಳಿಸಿದ ಪಾಸ್‌ವರ್ಡ್, ಎಲ್ಲ ತೆಗೆದಿಡಿ. ಎರಡು ಕಡೆ ಇಡಿ. ಹೊಸ ಎಸ್‌ಎಸ್‌ಡಿ ಹಾಕುವುದಾದರೆ ಹಳೇ ಡಿಸ್ಕನ್ನು ಅಳಿಸುವುದೇ ಬೇಡ, ಬಿಚ್ಚಿ ಕಪಾಟಿನಲ್ಲಿಡಿ. ಅದೇ ಅತಿ ಒಳ್ಳೆಯ ಬ್ಯಾಕಪ್.

ನುಡಿ ಅನ್ನುವ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿದ ಹಳೇ ಫೈಲ್‌ಗಳಿದ್ದರೆ ಇನ್ನೊಂದು ಕೆಲಸ. ವಿಂಡೋಸಿನ ಫಾಂಟ್ಸ್ ಫೋಲ್ಡರಿನಿಂದ ನುಡಿ ಫಾಂಟ್‌ಗಳನ್ನೂ ಕಾಪಿ ಮಾಡಿಕೊಳ್ಳಿ. ಆ ಫೈಲ್‌ಗಳು ಎಲ್ಲ ಕಂಪ್ಯೂಟರಿಗೂ ಅರ್ಥ ಆಗುವ ಯೂನಿಕೋಡ್ ಬಗೆಯವು ಅಲ್ಲ. ಆ ಫಾಂಟ್ ಇಲ್ಲದೆ ತೆರೆದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಎಷ್ಟೋ ಜನ ಫಾರ್ಮ್ಯಾಟ್ ಮಾಡಿದ ಮೇಲೆ ಇದನ್ನು ನೆನಪಿಸಿಕೊಂಡು ತಲೆ ಮೇಲೆ ಕೈ ಇಡುತ್ತಾರೆ.

ಕರೆಂಟ್ ವಿಷಯಕ್ಕೆ ಬರೋಣ. ಏಪ್ರಿಲ್-ಮೇ ತಿಂಗಳ ಸಂಜೆ ಗುಡುಗು ಶುರುವಾಗುವ ಹೊತ್ತಿಗೆ ಈ ಕೆಲಸಕ್ಕೆ ಕೂರಬೇಡಿ. ಹಳೇ ಲ್ಯಾಪ್‌ಟಾಪಿನ ಬ್ಯಾಟರಿ ಎರಡು ನಿಮಿಷ ನಿಂತರೆ ಜಾಸ್ತಿ. ದೊಡ್ಡಮ್ಮನ ಮನೆಯಲ್ಲಿ ಫೈಲ್ ಕಾಪಿ ಆಗುತ್ತಿರುವಾಗ ಸರಿಯಾಗಿ ಕರೆಂಟ್ ಹೋಯಿತು. ಪೆನ್‌ಡ್ರೈವ್ ಇದ್ದುದರಿಂದ ಮತ್ತೆ ಮೊದಲಿಂದ ಮಾಡಿದೆ, ನಷ್ಟ ಅರ್ಧ ಗಂಟೆ. ಹಳೇ ಡಿಸ್ಕಿನಲ್ಲೇ ವಿಂಡೋಸ್ ಪಕ್ಕ ಜಾಗ ಹಂಚುವ ಕೆಲಸ ನಡೆಯುತ್ತಿದ್ದರೆ ಫೋಟೋಗಳೂ ಹೋಗಿರುತ್ತಿದ್ದವು. ಇನ್ವರ್ಟರ್ ಇರುವ ಪಾಯಿಂಟಿಗೇ ಚಾರ್ಜರ್ ಹಾಕಿ.

ಅಳವಡಿಸುವುದು ಅಂದುಕೊಂಡದ್ದಕ್ಕಿಂತ ಸುಲಭ. ಲೈವ್ ಪರದೆಯಲ್ಲಿ ಇನ್‌ಸ್ಟಾಲ್ ಐಕಾನ್ ಒತ್ತಿ. ಭಾಷೆ, ಕೀಬೋರ್ಡ್, ಸಮಯಕ್ಕೆ ಕೋಲ್ಕತ್ತ. ಮೆನುಗಳ ಕನ್ನಡ ಅನುವಾದ ಎಲ್ಲ ಕಡೆ ಪೂರ್ತಿ ಆಗಿಲ್ಲ. ಅರ್ಧ ಕನ್ನಡ ಅರ್ಧ ಇಂಗ್ಲಿಷ್ ನೋಡಿ ತಲೆಕೆಡುವವರು ಇಂಗ್ಲಿಷನ್ನೇ ಇಡಿ. ಡಿಸ್ಕಿನ ಪ್ರಶ್ನೆ ಬಂದಾಗ ವಿಂಡೋಸ್ ಜೊತೆಯಲ್ಲಿರಲಿ ಅಥವಾ ಎಲ್ಲ ಅಳಿಸಿ ಅಂತ ಎರಡು ಆಯ್ಕೆ ಇರುತ್ತವೆ. ಅಪ್‌ಡೇಟ್ ನಿಂತ ವಿಂಡೋಸನ್ನು ಇಟ್ಟುಕೊಂಡು ಏನು ಮಾಡುತ್ತೀರಿ? ಬ್ಯಾಕಪ್ ಆಗಿದ್ದರೆ ಅಳಿಸಿ. ಪಾಸ್‌ವರ್ಡನ್ನು ಒಂದು ಚೀಟಿಯಲ್ಲಿ ಬರೆದಿಡಿ. ಅದನ್ನು ಮರೆತವರ ಫೋನೇ ನನಗೆ ಜಾಸ್ತಿ ಬರುವುದು.

ಕನ್ನಡ ಬರೆಯುವುದು

ಕೀಬೋರ್ಡ್ ಸೆಟ್ಟಿಂಗ್ ತೆರೆದು ಲೇಔಟ್ ಸೇರಿಸುವಲ್ಲಿ “ಕನ್ನಡ, ಕಗಪ, ಫೊನೆಟಿಕ್” ಹುಡುಕಿ. ನುಡಿಯಲ್ಲಿ ಟೈಪ್ ಮಾಡಿ ಅಭ್ಯಾಸ ಇರುವವರಿಗೆ ಇದೇ ವಿನ್ಯಾಸ. ಅಮ್ಮ ಅಂತ ಬರೆಯಲು ಎ, ಎಂ, ಎಫ್, ಎಂ. ಎಫ್ ಒತ್ತಿದರೆ ಅರ್ಧಾಕ್ಷರ. ಈ ವಿನ್ಯಾಸದ ಮೂಲಪುರುಷ ಕೆ. ಪಿ. ರಾವ್ ನಮ್ಮ ಮಂಗಳೂರು ಸಮೀಪದ ಕಿನ್ನಿಕಂಬಳದವರು. ಜಗತ್ತಿನ ಯಾವ ಮೂಲೆಯ ಲಿನಕ್ಸ್ ಪೆನ್‌ಡ್ರೈವ್ ತೆರೆದರೂ ಊರಿನವರ ಕೆಲಸ ಒಳಗೆ ಕೂತಿದೆ ಅಂದರೆ ಖುಷಿ ಅಲ್ವಾ? ಇಂಗ್ಲಿಷ್ ಸದ್ದಿನಂತೆ ಬರೆದು ಕನ್ನಡ ಆಗಬೇಕು ಅನ್ನುವವರು ಐಬಸ್ ಅನ್ನುವ ಟೈಪಿಂಗ್ ತಂತ್ರಾಂಶ ಮತ್ತು ಅದರ ಎಂ17ಎನ್ ಭಾಗ ಹಾಕಿಕೊಳ್ಳಿ.

ಫಾಂಟಿಗೆ ಸಾಫ್ಟ್‌ವೇರ್ ಮ್ಯಾನೇಜರಿನಲ್ಲಿ ಗುಬ್ಬಿ, ನವಿಲು ಅಂತ ಇಂಗ್ಲಿಷ್ ಅಕ್ಷರದಲ್ಲಿ ಹುಡುಕಿದರೆ ಎರಡೂ ಸಿಗುತ್ತವೆ. ನೋಟೋ ಸಾನ್ಸ್ ಕನ್ನಡವೂ ಇರಲಿ. ಕಾಪಿ ಮಾಡಿಟ್ಟ ನುಡಿ ಫಾಂಟನ್ನು ಹೋಂ ಫೋಲ್ಡರಿನೊಳಗೆ ಫಾಂಟ್ಸ್ ಅನ್ನುವ, ಹೆಸರಿನ ಆರಂಭಕ್ಕೆ ಒಂದು ಚುಕ್ಕಿ ಇರುವ ಫೋಲ್ಡರ್ ಮಾಡಿ ಹಾಕಿದರೆ ಲಿಬ್ರೆಆಫೀಸಿನಲ್ಲಿ ಹಳೇ ಪತ್ರಗಳು ಓದಲು ಸಿಗುತ್ತವೆ.

ಬ್ರೌಸರನ್ನು ಪಳಗಿಸುವುದು

ಮೊದಲೇ ಹೇಳಿದೆನಲ್ಲ, ನಿಜವಾದ ಭಾರ ಇದು. ಫೈರ್‌ಫಾಕ್ಸಿಗೆ ಯುಬ್ಲಾಕ್ ಒರಿಜಿನ್ ಹಾಕಿ. ಜಾಹೀರಾತು ಹೋದರೆ ಪುಟದ ತೂಕವೇ ಇಳಿಯುತ್ತದೆ. ಯೂಟ್ಯೂಬ್ ತಡವರಿಸಿದರೆ ಅದಕ್ಕೆ ಕಾರಣ ಬೇರೆ. ಅದು ಈಗ ವಿಡಿಯೋವನ್ನು ವಿಪಿ9, ಎವಿ1 ಅನ್ನುವ ಹೊಸ ಬಗೆಯಲ್ಲಿ ಕಳಿಸುತ್ತದೆ. 2011ರ ಗ್ರಾಫಿಕ್ಸ್ ಚಿಪ್‌ಗೆ ಅದು ಗೊತ್ತಿಲ್ಲ, ಹಾಗಾಗಿ ಎಲ್ಲ ಭಾರ ಪ್ರೊಸೆಸರಿನ ತಲೆಗೆ. ಎಚ್264ಇಫೈ ಅನ್ನುವ ಸಣ್ಣ ಆಡ್-ಆನ್ ಹಾಕಿದರೆ ಹಳೇ ಎಚ್.264 ಬಗೆಯಲ್ಲೇ ಕಳಿಸು ಅಂತ ಕೇಳುತ್ತದೆ. ದೊಡ್ಡಮ್ಮನ ಯಂತ್ರದಲ್ಲಿ ಫ್ಯಾನಿನ ಸದ್ದು ಇಳಿದದ್ದು ಇದರಿಂದಲೇ. ಪರದೆ ಸಣ್ಣದು, 480ಪಿ ಸಾಕು. ಚೆಂಡೆ ಕೇಳಲು ಅದೂ ಬೇಡ.

2 ಜಿಬಿ ಯಂತ್ರಕ್ಕೆ ಝಡ್‌ರ‍್ಯಾಮ್ ಕೂಡ ಆನ್ ಮಾಡಿಕೊಳ್ಳಿ. ರ‍್ಯಾಮಿನ ಒಂದು ಭಾಗದಲ್ಲಿ ಸದ್ಯಕ್ಕೆ ಬೇಡದ್ದನ್ನು ಒತ್ತಿ ಮಡಚಿ ಇಡುವ ಉಪಾಯ ಅದು. ಪ್ರೊಸೆಸರಿಗೆ ಸ್ವಲ್ಪ ಕೆಲಸ, ಆದರೆ ಹಾರ್ಡ್ ಡಿಸ್ಕಿನ ಸ್ವಾಪ್‌ಗಿಂತ ಎಷ್ಟೋ ವೇಗ. ಬ್ಲೂಟೂತ್ ಬಳಸದಿದ್ದರೆ ಸ್ಟಾರ್ಟ್‌ಅಪ್ ಪಟ್ಟಿಯಿಂದ ತೆಗೆಯಿರಿ.

ಮಿಂಟ್‌ನಲ್ಲಿ ಟೈಂಶಿಫ್ಟ್ ಮೊದಲೇ ಇರುತ್ತದೆ. ವಾರಕ್ಕೊಂದು ಸ್ನ್ಯಾಪ್‌ಶಾಟ್ ತೆಗೆಯುವಂತೆ ಹೊಂದಿಸಿ. ಅಪ್‌ಡೇಟಿನಿಂದ ಏನಾದರೂ ಕೆಟ್ಟರೆ ಹಿಂದಿನ ವಾರಕ್ಕೆ ಹೋಗಬಹುದು. ಅದು ಸಿಸ್ಟಂ ಫೈಲ್‌ಗಳಿಗೆ ಮಾತ್ರ, ಫೋಟೋಗಳಿಗಲ್ಲ.

ದೊಡ್ಡಮ್ಮನ ಲ್ಯಾಪ್‌ಟಾಪ್ ಈಗ ಎಸ್‌ಎಸ್‌ಡಿ ಹಾಕಿಕೊಂಡು ಅರ್ಧ ನಿಮಿಷದಲ್ಲಿ ತೆರೆಯುತ್ತದೆ. ಬೂಸ್ಟು ಹಿಡಿದ ಆ ಬ್ಯಾಗಿಗೆ ಮಾತ್ರ ಮತ್ತೆ ಹಾಕಬೇಡಿ ಅಂತ ಹೇಳಿ ಬಂದಿದ್ದೇನೆ. ಮಳೆಗಾಲದಲ್ಲಿ ಬಳಸದಿದ್ದರೂ ವಾರಕ್ಕೆರಡು ಸಲ ಅರ್ಧ ಗಂಟೆ ಆನ್ ಮಾಡಿಡಿ, ಒಳಗಿನ ಬಿಸಿಗೆ ತೇವ ಆರುತ್ತದೆ. ಮೊನ್ನೆ ಫೋನ್ ಬಂತು.

“ಮೂಲೆಯಲ್ಲಿ ಕೆಂಪು ಚುಕ್ಕಿ ಬರ್ತಾ ಉಂಟು, ಅದೆಂಥದೋ ಅಪ್‌ಡೇಟಂತೆ. ಒತ್ಲಾ ಬೇಡ್ವಾ?”

“ಒತ್ತಿ ದೊಡ್ಡಮ್ಮ. ಪಾಸ್‌ವರ್ಡ್ ಕೇಳ್ತದೆ.”

“ಅದು ನಂಗೊತ್ತುಂಟು. ಕ್ಯಾಲೆಂಡರಿನ ಹಿಂದೆ ಬರ್ದಿಟ್ಟಿದ್ದೇನೆ.”